ಎಂಟನೇ ಕ್ಲಾಸಿನ ಸ್ಪ್ಯಾನಿಷ್: ಬಾಗಿಲಲ್ಲೇ ಪ್ರಶ್ನೆ, ಇಂಗ್ಲಿಷ್ ಬೇಡ, ಬಾಯಿ ಬಿಡದಿದ್ದರೆ ಮಾರ್ಕಿಲ್ಲ. ಇದೆಲ್ಲ ಮಾಮೂಲಾ?

ಸುಂಟಿಕೊಪ್ಪ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಮನೆ ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸುಮಾರು ಒಳಗೆ. ಮೂರೂವರೆ ಎಕರೆ ಕಾಫಿ, ಸ್ವಲ್ಪ ಗದ್ದೆ. ಮಗಳು ಏಳನೇ ತನಕ ಊರಿನ ಕನ್ನಡ ಶಾಲೆಯಲ್ಲೇ ಓದಿದ್ದು. ಈ ಜೂನ್‌ನಲ್ಲಿ ಮಡಿಕೇರಿ ಕಡೆಯ ಒಂದು ಇಂಗ್ಲಿಷ್ ಮೀಡಿಯಂ ಹೈಸ್ಕೂಲಿಗೆ ಸೇರಿಸಿದ್ದೇವೆ. ಅಲ್ಲಿ ಮೂರನೇ ಭಾಷೆಗೆ ಹಿಂದಿ, ಸಂಸ್ಕೃತ, ಸ್ಪ್ಯಾನಿಷ್, ಈ ಮೂರರಲ್ಲಿ ಒಂದನ್ನು ಆರಿಸಬೇಕು. ಅವಳೇ ಸ್ಪ್ಯಾನಿಷ್ ಅಂದಳು. ಕಾರಣ ಫುಟ್‌ಬಾಲ್. ಕೊಡಗು ಅಂದರೆ ಎಲ್ಲರೂ ಹಾಕಿ ಅಂತಾರೆ, ಆದರೆ ಸುಂಟಿಕೊಪ್ಪದ ಫುಟ್‌ಬಾಲ್ ಹುಚ್ಚು ಈ ಕಡೆಯವರಿಗೆ ಗೊತ್ತೇ ಇದೆ. ಮೆಸ್ಸಿ ಮ್ಯಾಚ್ ಮುಗಿದ ಮೇಲೆ ಮೈಕ್ ಮುಂದೆ ಏನು ಹೇಳ್ತಾನೆ ಅಂತ ಇವಳಿಗೆ ಸಬ್‌ಟೈಟಲ್ ಇಲ್ಲದೆ ತಿಳೀಬೇಕಂತೆ. ಆಯ್ತಮ್ಮ ಅಂದೆವು.

ಮೊದಲನೇ ವಾರವೇ ಎರಡು ಪುಟದ ಒಂದು ಶೀಟು ಬಂತು, ಪೋಷಕರ ಸಹಿ ಬೇಕು ಅಂತ. ಕ್ಲಾಸಿನ ನಿಯಮಗಳು. ಬಾಗಿಲಲ್ಲಿ ಸಾಲಾಗಿ ನಿಲ್ಲಬೇಕು, ಟೀಚರ್ ಸ್ಪ್ಯಾನಿಷ್‌ನಲ್ಲಿ ಒಂದು ಪ್ರಶ್ನೆ ಕೇಳ್ತಾರೆ, ಉತ್ತರ ಹೇಳಿದವರು ಒಳಗೆ. ಹೇಳಲು ಬಾರದಿದ್ದರೆ ಸಾಲಿನ ಕೊನೆಗೆ. ಮೊದಲ 15 ನಿಮಿಷ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತಿಲ್ಲ. ಬಾತ್‌ರೂಮಿಗೆ ಹೋಗಬೇಕಿದ್ದರೂ ‘ಪ್ವೇದೊ ಇರ್ ಅಲ್ ಬಾನ್ಯೊ’ ಅಂತಲೇ ಕೇಳಬೇಕು. ನೋಟ್‌ಬುಕ್ ನಾಲ್ಕು ಭಾಗ ಮಾಡಿರಬೇಕು, ತಾರೀಕು ಸ್ಪ್ಯಾನಿಷ್‌ನಲ್ಲಿ ಬರೆಯಬೇಕು. ಶುಕ್ರವಾರ 10 ಪದದ ಟೆಸ್ಟು. ಫೋನಿನಲ್ಲಿ ಅನುವಾದ ಮಾಡಿಸಿ ತಂದರೆ ಸೊನ್ನೆ. ಭಾನುವಾರ ರಾತ್ರಿಯೊಳಗೆ ಒಂದು ನಿಮಿಷದ ಆಡಿಯೊ ರೆಕಾರ್ಡ್ ಮಾಡಿ ಕಳಿಸಬೇಕು. ಕ್ಲಾಸಿನಲ್ಲಿ ಬಾಯಿಬಿಟ್ಟು ಮಾತಾಡಿದ್ದಕ್ಕೇ ಬೇರೆ 15 ಮಾರ್ಕು. ಸಹಿ ಹಾಕಿದೆ. ಪೂರ್ತಿ ಅರ್ಥ ಆಗಿ ಹಾಕಿದ್ದಲ್ಲ, ಸುಮ್ನೆ ಹಾಕಿದೆ.

ಜುಲೈ ಮೊದಲ ವಾರ ಬಾಗಿಲಲ್ಲಿ ದಿನಾ ಹವೆ ಹೇಗಿದೆ ಅಂತ ಕೇಳಿದ್ರಂತೆ. ಜುಲೈಯಲ್ಲಿ, ಕೊಡಗಲ್ಲಿ! ಅಷ್ಟೂ ಮಕ್ಕಳು ‘ಯ್ವೇವೆ’ ಅಂತ ಒಂದೇ ಪದ ಹೇಳಿ ಒಳಗೆ ಹೋದವಂತೆ. ಮಳೆ ಬರ್ತಿದೆ ಅಂತ ಅರ್ಥ. ನನ್ನ ಮಗಳು ಖುಷಿಯಲ್ಲಿದ್ದಳು. ಮುಂದಿನ ವಾರ ಪ್ರಶ್ನೆ ಬದಲಾಯ್ತು. ‘ಹೇಗಿದ್ದೀಯ’ ಅಂತ ಕೇಳಿದಾಗ ಇವಳಿಗೆ ಬಾಯಿ ಕಟ್ಟಿತು. ಕೊನೆಗೆ ಕಳಿಸಿದರು. ಹಿಂದೆ ಇದ್ದ ಯಾರೋ ನಕ್ಕರು. ಎರಡನೇ ಸಲ ಹೇಳಿದಳಂತೆ, ಆದರೆ ಮನೆಗೆ ಬಂದು ಟಿಫಿನ್ ಬಾಕ್ಸ್ ತೆಗೆಯದೆ ಹಾಗೇ ಮಲಗಿಬಿಟ್ಟಳು. ಮೊದಲೇ ಇಂಗ್ಲಿಷ್ ಮೀಡಿಯಂ ಹೊಸದು, ಮಾತು ಕಮ್ಮಿ.

ಇನ್ನೊಂದು ಸಣ್ಣ ವಿಷಯ, ನಗಬೇಡಿ. ಅಲ್ಲಿ ಎಲ್ಲರಿಗೂ ಸ್ಪ್ಯಾನಿಷ್ ಹೆಸರು ಕೊಟ್ಟಿದ್ದಾರೆ. ನನ್ನ ಮಗಳದು ನಮ್ಮ ಹೊಳೆಯ ಹೆಸರೇ. ಕ್ಲಾಸಲ್ಲಿ ಅವಳು ಕಾರ್ಮೆನ್ ಅಂತೆ. ನಮ್ಮ ಅತ್ತೆಗೆ ಇದು ಕೇಳಿದಾಗಿನಿಂದ ಸಮಾಧಾನ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಸ್ಪ್ಯಾನಿಷ್ ಕ್ಲಾಸು ಅಂದರೆ ಎಲ್ಲ ಕಡೆ ಹೀಗೇನಾ? ನಮಗಿಬ್ಬರಿಗೂ ಆ ಭಾಷೆಯ ಒಂದಕ್ಷರ ಬರಲ್ಲ, ಮನೆಯಲ್ಲಿ ಹೇಗೆ ಸಹಾಯ ಮಾಡೋದು? ಇಲ್ಲಾ ಈಗಲೇ ಹಿಂದಿಗೆ ಬದಲಾಯಿಸೋದು ಒಳ್ಳೇದಾ? ಬದಲಾಯಿಸೋಕೆ ಆಗಸ್ಟ್ ಕೊನೆ ತನಕ ಟೈಮ್ ಇದೆ.

ಹಳೇ ಅಂಚೆಯಣ್ಣ

ಸಂಸ್ಕೃತಕ್ಕೆ ಹಾಕಿ ತಾಯಿ. ನೂರಕ್ಕೆ ನೂರು ಬರುತ್ತೆ. ಬಾಯಿ ಬಿಡೋದೂ ಬೇಡ, ಬಾಗಿಲಲ್ಲಿ ನಿಲ್ಲೋದೂ ಬೇಡ. ನನ್ನ ಮೂರೂ ಮೊಮ್ಮಕ್ಕಳು ಹಾಗೇ ಪಾಸಾದವು. ಒಬ್ಬರಿಗೂ ಒಂದು ವಾಕ್ಯ ಮಾತಾಡೋಕೆ ಬರಲ್ಲ ಅನ್ನೋದು ಬೇರೆ ಮಾತು.

ಮೈಸೂರು ಪ್ರೊಫೆ

ಅಂಚೆಯಣ್ಣ, ನಿಮ್ಮ ಕೊನೆಯ ಸಾಲೇ ನನ್ನ ಉತ್ತರದ ಮೊದಲ ಸಾಲು. :)

ಅಮ್ಮ, ನಾನು ಮೈಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಸ್ಪ್ಯಾನಿಷ್ ಕಲಿಸ್ತೇನೆ. ಮಕ್ಕಳು ಪ್ರೊಫೆ ಅಂತ ಕರೀತಾರೆ, ಪ್ರೊಫೆಸೋರಾ ಅನ್ನೋದರ ಗಿಡ್ಡ ರೂಪ, ನಾವು ಮಿಸ್ ಅನ್ನೋ ಹಾಗೆ. ನೀವು ಬರೆದ ಶೀಟು ಓದಿ ನಗು ಬಂತು, ಯಾಕೆಂದರೆ ನಾನು ಜೂನ್‌ನಲ್ಲಿ ಕೊಡುವ ಶೀಟೂ ಹೆಚ್ಚು ಕಮ್ಮಿ ಇದೇ. ಹೌದು, ಮಾಮೂಲು. ಒಂದೆರಡು ವಿಷಯ ಬಿಟ್ಟು, ಅದಕ್ಕೆ ಆಮೇಲೆ ಬರ್ತೇನೆ.

ಬಾಗಿಲಿನ ಪ್ರಶ್ನೆ ಪರೀಕ್ಷೆ ಅಲ್ಲ. ಮನೆಗೆ ಬರೋವಾಗ ಚಪ್ಪಲಿ ಹೊರಗೆ ಬಿಡ್ತೀವಲ್ಲ, ಹಾಗೆ. ಹಿಂದಿನ ಪೀರಿಯಡ್ಡು ಗಣಿತವೋ ವಿಜ್ಞಾನವೋ ಇರುತ್ತೆ, ತಲೆ ತುಂಬ ಇಂಗ್ಲಿಷ್ ಇರುತ್ತೆ, ಅದನ್ನು ಹೊಸ್ತಿಲಾಚೆ ಬಿಟ್ಟು ಬರಲಿ ಅಂತ. ಇನ್ನೊಂದು ಲೆಕ್ಕ ಇದೆ. ಪೀರಿಯಡ್ಡು 40 ನಿಮಿಷ, ಮಕ್ಕಳು 30. ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರೆ ಒಂದು ಮಗುವಿಗೆ ಒಂದು ನಿಮಿಷ 20 ಸೆಕೆಂಡ್ ಸಿಗುತ್ತೆ, ಅದೂ ನಾನು ಬೇರೇನೂ ಮಾಡದಿದ್ದರೆ. ಬಾಗಿಲಲ್ಲೇ ಎಲ್ಲರೂ ಒಂದು ಸಲ ಬಾಯಿ ಬಿಟ್ಟಿದ್ದಾರೆ ಅಂದರೆ ಒಳಗೆ ಎರಡನೇ ಸಲ ಬಿಡೋದು ಅಷ್ಟು ಕಷ್ಟ ಆಗಲ್ಲ. ನನ್ನ ಅನುಭವದಲ್ಲಿ ಮಾತು ಕಮ್ಮಿ ಇರೋ ಮಕ್ಕಳಿಗೇ ಇದರಿಂದ ಲಾಭ ಜಾಸ್ತಿ. ಏನು ಕೇಳ್ತಾರೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತೆ, ದಾರಿಯಲ್ಲಿ ಬಸ್ಸಲ್ಲೇ ಗುನುಗಿಕೊಂಡು ಬರಬಹುದು.

ಆದರೆ ‘ಮೊದಲೇ ಗೊತ್ತಿರಬೇಕು’ ಅನ್ನೋದು ಇಲ್ಲಿ ಮುಖ್ಯ. ವಾರದ ಪ್ರಶ್ನೆಯನ್ನು ಹಿಂದಿನ ಶುಕ್ರವಾರವೇ ಬೋರ್ಡಿನ ಮೂಲೆಯಲ್ಲಿ ಬರೆದಿಡಬೇಕು. ನಿಮ್ಮ ಮಗಳ ಟೀಚರ್ ಬರೆದಿರಲಿಲ್ಲವೋ ಇವಳು ನೋಡಿರಲಿಲ್ಲವೋ, ಅದನ್ನು ಕೇಳಿ. ಸಾಲಿನ ಕೊನೆಗೆ ಕಳಿಸೋದನ್ನು ನಾನು ಮೊದಲ ಎರಡು ವರ್ಷ ಮಾಡಿದ್ದೆ, ಆಮೇಲೆ ಬಿಟ್ಟೆ. ಈಗ ಬಾರದವರಿಗೆ ನಾನೇ ಕಿವಿಯಲ್ಲಿ ಹೇಳಿಕೊಡ್ತೇನೆ, ಅವರು ತಿರುಗಿ ನನಗೆ ಹೇಳ್ತಾರೆ, ಒಳಗೆ ಹೋಗ್ತಾರೆ. ನಗೋಕೆ ಹಿಂದಿನವರಿಗೆ ಅವಕಾಶವೇ ಇರಲ್ಲ.

ಬಾತ್‌ರೂಮ್ ವಾಕ್ಯ ಜಗತ್ತಿನ ಎಲ್ಲ ಸ್ಪ್ಯಾನಿಷ್ ಕ್ಲಾಸಿನಲ್ಲೂ ಇದೆ ಅಂತ ಕಾಣುತ್ತೆ. ಎಲ್ಲ ಮರೆತ ಮೇಲೂ ಅದೊಂದು ನೆನಪಿರುತ್ತೆ. ಅದರ ಜೊತೆ ಇನ್ನೂ ಮೂರು ನಾಲ್ಕು ಇರುತ್ತೆ, ಅವನ್ನು ಮಗಳ ನೋಟ್‌ಬುಕ್ಕಿನ ಒಳರಟ್ಟಿಗೆ ದೊಡ್ಡದಾಗಿ ಬರೆದು ಅಂಟಿಸಿ. ‘ನೊ ಎಂತ್ಯೆಂದೊ’ ಅಂದರೆ ಅರ್ಥ ಆಗಲಿಲ್ಲ. ‘ಓತ್ರಾ ವೆಸ್’ ಅಂದರೆ ಇನ್ನೊಂದು ಸಲ. ‘ಮಾಸ್ ದೆಸ್ಪಾಸ್ಯೊ, ಪೊರ್ ಫವೊರ್’ ಅಂದರೆ ಸ್ವಲ್ಪ ನಿಧಾನ, ದಯವಿಟ್ಟು. ‘ಕೋಮೊ ಸೆ ದೀಸೆ’ ಅಂದು ಕನ್ನಡ ಪದ ಸೇರಿಸಿದರೆ ‘ಇದಕ್ಕೇನಂತಾರೆ’ ಅಂತ ಕೇಳಿದ ಹಾಗೆ. ಉತ್ತರ ಬಾರದ ಮಗು ‘ನೊ ಎಂತ್ಯೆಂದೊ’ ಅಂದರೂ ಅದು ಸ್ಪ್ಯಾನಿಷ್ ಮಾತಾಡಿದ ಹಾಗೇ. ನನ್ನ ಕ್ಲಾಸಲ್ಲಿ ಅದಕ್ಕೂ ಮಾರ್ಕಿದೆ.

ಈಗ ಮನೆಯ ಸಹಾಯದ ಮಾತು. ನಿಮಗೆ ಒಂದಕ್ಷರ ಬರಲ್ಲ ಅಂತೀರಿ. ಅಕ್ಷರ ಬರಲ್ಲ, ಆದರೆ ಆ ಭಾಷೆಯ ಅರ್ಧ ವ್ಯಾಕರಣ ನಿಮ್ಮ ಬಾಯಲ್ಲೇ ಇದೆ. ಇಂಗ್ಲಿಷ್ ಮೂಲಕ ಹೋಗೋದರಿಂದ ನಮ್ಮ ಮಕ್ಕಳಿಗೆ ಸ್ಪ್ಯಾನಿಷ್ ಕಷ್ಟ ಆಗೋದು. ಒಂದು ಉದಾಹರಣೆ ನೋಡಿ. ‘ಮೆ ಗುಸ್ತಾ ಎಲ್ ಕಫೆ’. ಇಂಗ್ಲಿಷ್ ಮಕ್ಕಳು ಇದನ್ನು ಕಲಿಯೋಕೆ ತಿಂಗಳುಗಟ್ಟಲೆ ಒದ್ದಾಡ್ತಾರೆ, ಅವರಲ್ಲಿ ‘ನಾನು’ ಮುಂದೆ ಬಂದು ಕಾಫಿಯನ್ನು ಇಷ್ಟಪಡಬೇಕು. ನಮ್ಮಲ್ಲಿ? ನನಗೆ ಕಾಫಿ ಇಷ್ಟ. ಸ್ಪ್ಯಾನಿಷ್‌ನಲ್ಲೂ ಅದೇ, ‘ಮೆ’ ಅಂದರೆ ನನಗೆ. ‘ತೆ ಗುಸ್ತಾ’ ಅಂದರೆ ನಿನಗೆ ಇಷ್ಟ. ಇದನ್ನು ಕನ್ನಡದಲ್ಲಿ ಹೇಳಿಕೊಟ್ಟ ದಿನ ನನ್ನ ಕ್ಲಾಸಲ್ಲಿ ಐದೇ ನಿಮಿಷದಲ್ಲಿ ಮುಗಿಯಿತು. ಅದಕ್ಕೂ ಮುಂಚಿನ ವರ್ಷ ಇಂಗ್ಲಿಷಿನಲ್ಲಿ ಹೇಳೋಕೆ ಹೋಗಿ ಒಂದು ವಾರ ಹಾಳು ಮಾಡಿಕೊಂಡಿದ್ದೆ.

ಇನ್ನೊಂದು. ಸ್ಪ್ಯಾನಿಷ್‌ನಲ್ಲಿ ‘ಇರು’ ಅನ್ನೋದಕ್ಕೆ ಎರಡು ಕ್ರಿಯಾಪದ, ‘ಸೆರ್’ ಮತ್ತು ‘ಎಸ್ತಾರ್’. ಎಲ್ಲ ಪುಸ್ತಕದಲ್ಲೂ ಇದು ದೊಡ್ಡ ತಲೆನೋವಿನ ಪಾಠ. ಕನ್ನಡದಲ್ಲಿ ‘ಅವನು ಡಾಕ್ಟರ್’ ಅಂತೀವಿ, ಕ್ರಿಯಾಪದವೇ ಬೇಡ. ಅಲ್ಲಿ ಸೆರ್ ಬರುತ್ತೆ. ‘ಅವನು ಮನೆಯಲ್ಲಿದ್ದಾನೆ’, ‘ಅವನು ಸುಸ್ತಾಗಿದ್ದಾನೆ’ ಅಂತೀವಿ, ಇಲ್ಲಿ ‘ಇದ್ದಾನೆ’ ಬೇಕೇ ಬೇಕು. ಅಲ್ಲಿ ಎಸ್ತಾರ್ ಬರುತ್ತೆ. ನೂರಕ್ಕೆ ನೂರು ಹೊಂದಲ್ಲ, ಆದರೆ ಎಂಟನೇ ಕ್ಲಾಸಿಗೆ ಬೇಕಾದಷ್ಟು ಹೊಂದುತ್ತೆ. ‘ಹೇಗಿದ್ದೀಯ’ ಅನ್ನೋದರಲ್ಲೂ ‘ಇದ್ದೀಯ’ ಇದೆಯಲ್ಲ, ಅದಕ್ಕೇ ‘ಕೋಮೊ ಎಸ್ತಾಸ್’. ನಿಮ್ಮ ಮಗಳಿಗೆ ಬಾಯಿ ಕಟ್ಟಿದ ಪ್ರಶ್ನೆ ಇದೇ ಅಲ್ವಾ?

ಉಚ್ಚಾರಣೆಯಲ್ಲಂತೂ ನಮ್ಮವರೇ ಮುಂದೆ. ಸ್ಪ್ಯಾನಿಷ್ ‘ತ’ ನಮ್ಮ ‘ತ’ವೇ, ಇಂಗ್ಲಿಷಿನ ‘ಟ’ ಥರದ್ದಲ್ಲ. ‘ದ’ವೂ ಹಾಗೇ, ಹಲ್ಲಿಗೆ ತಾಗಬೇಕು. ತಲೆ ಮೇಲೆ ಅಲೆ ಥರ ಗೆರೆ ಇರುವ ಒಂದು ‘ನ’ ಇದೆ, ಅದು ಹೆಚ್ಚು ಕಮ್ಮಿ ನಮ್ಮ ‘ಞ’, ವರ್ಣಮಾಲೆಯಲ್ಲಿ ಸುಮ್ನೆ ಕೂತಿರೋ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ. ಆ ಗೆರೆ ಮರೆಯಬೇಡ ಅಂತ ಮಗಳಿಗೆ ಹೇಳಿ, ಗೆರೆ ಬಿಟ್ಟರೆ ‘ನನಗೆ 13 ವರ್ಷ’ ಅನ್ನೋ ವಾಕ್ಯ ಹೇಳಬಾರದ ವಾಕ್ಯ ಆಗಿಬಿಡುತ್ತೆ. ಪ್ರತಿ ವರ್ಷ ಒಬ್ಬರಾದರೂ ಬರೀತಾರೆ. ನಾನು ಕೆಂಪು ಪೆನ್ನಲ್ಲಿ ಸುಮ್ನೆ ಗೆರೆ ಎಳೆದು ಕೊಡ್ತೇನೆ, ಯಾಕೆ ಅಂತ ಹೇಳಲ್ಲ.

ಹೀಗಾಗಿ ನೀವು ಮಾಡಬೇಕಾದ್ದು ದಿನಾ ರಾತ್ರಿ 10 ನಿಮಿಷ. ಅವಳು ವಿದ್ಯಾರ್ಥಿ ಅಲ್ಲ, ನೀವು ವಿದ್ಯಾರ್ಥಿ. ಇವತ್ತಿನ ಎರಡು ಪದ ಅವಳು ನಿಮಗೆ ಕಲಿಸಲಿ. ನೀವು ತಪ್ಪು ಹೇಳಿ, ಅವಳು ತಿದ್ದಲಿ. ಶುಕ್ರವಾರದ 10 ಪದವನ್ನು ಗುರುವಾರ ರಾತ್ರಿ ಒಟ್ಟಿಗೆ ನುಂಗೋದು ಬೇಡ. ಸೋಮವಾರ ನೋಡಿದ್ದನ್ನು ಮಂಗಳವಾರ ಒಮ್ಮೆ, ಗುರುವಾರ ಒಮ್ಮೆ, ಪುಸ್ತಕ ಮುಚ್ಚಿ ಕೇಳಿ. ವಾರಕ್ಕೆ 10 ಅಂದರೆ ಕಮ್ಮಿ ಅನ್ನಿಸುತ್ತೆ, 30 ವಾರಕ್ಕೆ 300 ಪದ ಆಯ್ತು. 300 ಪದದಲ್ಲಿ ಮನೆ, ಊಟ, ಶಾಲೆ, ಸ್ನೇಹಿತರು, ಎಲ್ಲ ಮಾತಾಡಬಹುದು.

ಫೋನ್ ಅನುವಾದ ಬೇಡ ಅಂದಿದ್ದಕ್ಕೆ ನನ್ನ ಬೆಂಬಲ ಪೂರ್ತಿ ಇದೆ. ನಮಗೆ ಗೊತ್ತಾಗಲ್ಲ ಅಂತ ಮಕ್ಕಳು ಅಂದುಕೊಳ್ತಾರೆ. ಇನ್ನೂ ವರ್ತಮಾನ ಕಾಲವೇ ಮುಗಿಯದ ಮಗು ‘ನಾನು ಹೋಗಿದ್ದಿದ್ದರೆ ಚೆನ್ನಾಗಿರುತ್ತಿತ್ತು’ ಅಂತ ಬರೆದುಕೊಂಡು ಬಂದರೆ ಯಾರಿಗೆ ಗೊತ್ತಾಗಲ್ಲ ಹೇಳಿ. ಒಂದೊಂದೇ ಪದ ಡಿಕ್ಷನರಿಯಲ್ಲಿ ನೋಡಿದರೆ ತಪ್ಪಿಲ್ಲ.

ಹೆಸರಿನ ವಿಷಯ. ಇದು ಹಳೇ ಪದ್ಧತಿ, ಮಕ್ಕಳಿಗೆ ಆಟದ ಥರ ಇರಲಿ ಅಂತ ಮಾಡ್ತಿದ್ದರು. ನಾನು ಬಿಟ್ಟಿದ್ದೇನೆ. ‘ಮೆ ಯಾಮೊ’, ಅಂದರೆ ‘ನನ್ನ ಹೆಸರು’, ಅಂದ ಮೇಲೆ ತನ್ನ ಹೆಸರನ್ನೇ ಹೇಳಬೇಕು, ಇಲ್ಲದಿದ್ದರೆ ಮೊದಲನೇ ವಾಕ್ಯವೇ ಸುಳ್ಳಾಯ್ತಲ್ಲ. ಜಗಳ ಮಾಡದೆ ಡೈರಿಯಲ್ಲಿ ಎರಡು ಸಾಲು ಬರೆದು ಕೊಡಿ, ಸ್ವಂತ ಹೆಸರಲ್ಲೇ ಕರೆಯಿರಿ ಅಂತ. ಯಾವ ಟೀಚರೂ ಬೇಡ ಅನ್ನಲ್ಲ.

ನೈಟ್‌ಶಿಫ್ಟ್ ಗೌಡ

ಪ್ರೊಫೆ ಮೇಡಂ ಬರೆದಿದ್ದು ಚೆನ್ನಾಗಿದೆ, ಆದರೆ ಆ 15 ಮಾರ್ಕಿನ ಬಗ್ಗೆ ಜಾರಿಕೊಂಡರು ಅನ್ನಿಸ್ತು. ಅದರ ಮೇಲೆ ನನಗೆ ಹಳೇ ಕೋಪ ಇದೆ.

ನಾನು ಸೋಮವಾರಪೇಟೆ ಕಡೆಯವನು. ಹೈಸ್ಕೂಲು ಬೇರೆ ಊರಲ್ಲಿ ಹಾಸ್ಟೆಲ್‌ನಲ್ಲಿದ್ದು ಓದಿದ್ದು, ಅಲ್ಲಿ ಸ್ಪ್ಯಾನಿಷ್ ಇತ್ತು. ಬರೆಯೋ ಟೆಸ್ಟಲ್ಲಿ ನನಗೆ 40ಕ್ಕೆ 38, 37. ಕ್ಲಾಸಲ್ಲಿ ಮಾತಾಡಿದ್ದಕ್ಕೆ 15ಕ್ಕೆ 4. ಯಾಕೆ ಅಂದರೆ ಕೈ ಎತ್ತಿದ್ದನ್ನು ಲೆಕ್ಕ ಇಡ್ತಿದ್ದರು. ಕೈ ಎತ್ತೋರು ದಿನಾ ಅದೇ ಐದು ಜನ. ಅವರ ಕೈ ಮೇಲೆ ಹೋಗೋ ಸ್ಪೀಡಿಗೆ ನನ್ನ ತಲೆಯಲ್ಲಿ ವಾಕ್ಯ ತಯಾರಾಗ್ತಿರಲಿಲ್ಲ. ತಯಾರಾದಾಗ ಪಾಠ ಮುಂದೆ ಹೋಗಿರುತ್ತಿತ್ತು. ಅದು ಸ್ಪ್ಯಾನಿಷ್ ಮಾರ್ಕಲ್ಲ, ಧೈರ್ಯದ ಮಾರ್ಕು.

ಈಗ ಬೆಂಗಳೂರಲ್ಲಿ ಸ್ಪ್ಯಾನಿಷ್ ಪ್ರಾಸೆಸ್‌ನಲ್ಲಿ ಕೆಲಸ, ಮೆಕ್ಸಿಕೊ ಕಡೆಯ ಬಿಲ್ಲು ನೋಡೋದು, ಅಲ್ಲಿನವರ ಮೇಲ್‌ಗೆ ಉತ್ತರ ಬರೆಯೋದು. ರಾತ್ರಿ ಪೂರ್ತಿ ಓದ್ತೀನಿ, ಬರೀತೀನಿ, ವಾರಕ್ಕೆ ಎರಡು ಕಾಲ್ ಮಾತಾಡ್ತೀನಿ. ಅದೇ ಐದು ಜನರಲ್ಲಿ ಒಬ್ಬನೂ ಈಗ ಸ್ಪ್ಯಾನಿಷ್ ಮುಟ್ಟಿಲ್ಲ. ಹೊಟ್ಟೆಕಿಚ್ಚಲ್ಲ, ಸುಮ್ನೆ ಹೇಳಿದೆ.

ಅಮ್ಮ, ಭಾಷೆ ಬದಲಾಯಿಸಬೇಡಿ. ಆ 15 ಮಾರ್ಕು ಹೇಗೆ ಕೊಡ್ತಾರೆ ಅಂತ ಮಾತ್ರ ಕೇಳಿ. ಕೈ ಎತ್ತಿದ್ದಕ್ಕಾ, ಪಕ್ಕದವರ ಜೊತೆ ಮಾತಾಡಿದ್ದಕ್ಕೂ ಇದೆಯಾ, ಆಡಿಯೊಗೂ ಇದೆಯಾ? ಕೇಳೋದು, ಓದೋದು, ಮಾತಾಡೋದು, ಬರೆಯೋದು, ನಾಲ್ಕೂ ಸಮ ಅಂತ ಇಟ್ಟುಕೊಂಡಿರೋ ಬೋರ್ಡುಗಳಿವೆ. ಐಜಿಸಿಎಸ್‌ಇ ಅಂತ ಕೇಂಬ್ರಿಡ್ಜ್‌ನಂಥ ವಿದೇಶಿ ಬೋರ್ಡಿನ ಹತ್ತನೇ ಕ್ಲಾಸಿನ ಪರೀಕ್ಷೆ ಇದೆಯಲ್ಲ, ಅದರ ಸ್ಪ್ಯಾನಿಷ್‌ನಲ್ಲಿ ನಾಲ್ಕಕ್ಕೂ ತಲಾ 25 ಪರ್ಸೆಂಟ್. ಅದರಲ್ಲಿ ಮಾತಾಡೋ ಪರೀಕ್ಷೆಯಲ್ಲೂ ಎದುರಿಗೆ ಒಬ್ಬರೇ ಟೀಚರ್ ಇರ್ತಾರೆ, ಹಿಂದೆ ನಗೋ ಸಾಲು ಇರಲ್ಲ.

ಹೆಸರಿನ ಮೇಲೆ ಒಂದು ತಮಾಷೆ. ಸ್ಪ್ಯಾನಿಷ್‌ನವರಿಗೆ ‘ವ’ ಮತ್ತು ‘ಬ’ ಎರಡೂ ಒಂದೇ. ಅಸಲಿ ಸ್ಪೇನ್‌ನವರು ಬಂದು ಕರೆದರೂ ನಿಮ್ಮ ಮಗಳು ‘ಕಬೇರಿ’ ಆಗ್ತಾಳೆ. ಅತ್ತೆಗೆ ಹೇಳಬೇಡಿ.

ಮೈಸೂರು ಪ್ರೊಫೆ

ಗೌಡ್ರೇ, ಜಾರಿಕೊಂಡದ್ದು ನಿಜ, ಒಪ್ಪಿದೆ. ನಾನೂ ಕೈ ಎಣಿಸಿದವಳೇ. ಈಗ ಜೋಡಿ ಮಾಡಿ ಕೂರಿಸ್ತೇನೆ, ನಾನು ಬೆಂಚಿನ ಮಧ್ಯೆ ಓಡಾಡ್ತಾ ಕೇಳಿಸಿಕೊಳ್ತೇನೆ, ಯಾರ ಬಾಯಿ ಅಲ್ಲಾಡ್ತಿದೆ ಅಂತ ನೋಡಿ ಟಿಕ್ ಹಾಕ್ತೇನೆ. ಸರಿ ತಪ್ಪು ಆ ಹೊತ್ತಿಗೆ ನೋಡಲ್ಲ. ಕ್ಲಾಸು ಸಂತೆ ಥರ ಇರುತ್ತೆ, ಪಕ್ಕದ ಕ್ಲಾಸಿನವರು ದೂರು ಕೊಡ್ತಾರೆ, ಅದು ಬೇರೆ ಕಥೆ.

ಲೈನ್‌ಮನೆ ಟೀಚರ್

ನಾನು ಸ್ಪ್ಯಾನಿಷ್ ಟೀಚರ್ ಅಲ್ಲ. ಸಿದ್ದಾಪುರದ ಕಡೆ ಒಂದು ಸರ್ಕಾರಿ ಹೈಸ್ಕೂಲಲ್ಲಿ ಕನ್ನಡ ಟೀಚರ್. ಇಲ್ಲಿ ಏನು ಕೆಲಸ ಅಂತ ಕೇಳಬೇಡಿ, ಓದ್ತಾ ಓದ್ತಾ ನನ್ನ ಕ್ಲಾಸೇ ನೆನಪಾಯ್ತು.

ನನ್ನ ಕ್ಲಾಸಿನಲ್ಲಿ ತೋಟದ ಲೈನ್‌ಮನೆಗಳಿಂದ ಬರೋ ಮಕ್ಕಳೇ ಜಾಸ್ತಿ. ಮನೆಯಲ್ಲಿ ಯರವ ಮಾತಾಡೋರಿದ್ದಾರೆ, ಜೇನುಕುರುಬರ ಮಕ್ಕಳಿದ್ದಾರೆ, ತಮಿಳು, ಮಲಯಾಳಂ ಇದೆ, ಈಚೆಗೆ ಅಸ್ಸಾಮಿನಿಂದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಪಠ್ಯಪುಸ್ತಕದಲ್ಲಿ ಕನ್ನಡ ಪ್ರಥಮ ಭಾಷೆ ಅಂತ ಅಚ್ಚಾಗಿರುತ್ತೆ. ನನ್ನ ಎದುರು ಕೂತ ಅರ್ಧ ಮಕ್ಕಳಿಗೆ ಅದು ಸ್ಪ್ಯಾನಿಷ್ ಇದ್ದ ಹಾಗೇ.

ಎರಡು ವರ್ಷದ ಹಿಂದೆ ನಾನೂ ಈ ಬಾಗಿಲು ಪ್ರಶ್ನೆ ಶುರು ಮಾಡಿದೆ. ಒಂದು ಟ್ರೈನಿಂಗ್‌ನಲ್ಲಿ ಕೇಳಿದ್ದು. ಮೊದಲನೇ ದಿನ ಕೇಳಿದ ಪ್ರಶ್ನೆ, ‘ಬೆಳಿಗ್ಗೆ ಏನು ತಿಂದೆ?’ ಸುಲಭ ಇರಲಿ ಅಂತ. ಇಡ್ಲಿ, ರೊಟ್ಟಿ, ಗಂಜಿ ಅಂತ ಬಂತು. ಆರನೆಯವನೋ ಏಳನೆಯವನೋ ಸುಮ್ನೆ ನಿಂತ. ನಾನು ದಡ್ಡಿ, ಪದ ಗೊತ್ತಿಲ್ಲ ಅಂದುಕೊಂಡು ‘ಇಡ್ಲೀನಾ? ರೊಟ್ಟೀನಾ?’ ಅಂತ ಹೇಳಿಕೊಡೋಕೆ ಹೋದೆ. ಅವನು ‘ಇಲ್ಲ’ ಅಂದ. ಆ ಪದ ಅವನಿಗೆ ಚೆನ್ನಾಗೇ ಗೊತ್ತಿತ್ತು.

ಅವತ್ತೇ ಆ ಪ್ರಶ್ನೆ ತೆಗೆದೆ. ಈಗ ಕೇಳೋದು ‘ದಾರಿಯಲ್ಲಿ ಏನು ನೋಡಿದೆ?’ ನಮ್ಮ ಕಡೆ ಗೊತ್ತಲ್ಲ, ಉತ್ತರ ಅರ್ಧ ದಿನ ಆನೆ, ಇನ್ನರ್ಧ ದಿನ ಆನೆ ಲದ್ದಿ. ಆಗಸ್ಟ್ ತನಕ ತುಟಿ ಬಿಚ್ಚದ ಒಬ್ಬ ಹುಡುಗ ಒಂದು ದಿನ ಬಾಗಿಲಲ್ಲಿ ನಿಂತು ಬೆರಳು ತೋರಿಸ್ತಾ ‘ಆನೆ. ಎರಡು. ಮರಿ ಒಂದು’ ಅಂದ. ಆಮೇಲೆ ಒಳಗೆ ಹೋಗೋಕೇ ಒಪ್ಪಲಿಲ್ಲ, ಇನ್ನೂ ಹೇಳೋದಿತ್ತು ಅವನಿಗೆ.

ಗೌಡರು ಹೇಳಿದ ಐದು ಕೈ ನನ್ನಲ್ಲೂ ಇದ್ದವು. ಅದಕ್ಕೆ ಕಾಫಿ ಬೀಜ ಇಟ್ಟಿದ್ದೇನೆ. ಪೀರಿಯಡ್ ಶುರುವಿಗೆ ಒಬ್ಬೊಬ್ಬರಿಗೆ ಮೂರು ಬೀಜ. ಒಂದು ಸಲ ಮಾತಾಡಿದರೆ ಒಂದು ಬೀಜ ಡಬ್ಬಿಗೆ. ಮೂರೂ ಮುಗಿದವರು ಇನ್ನು ಸುಮ್ನೆ ಕೇಳಬೇಕು. ಬೀಜ ಉಳಿದವರ ಕಡೆ ಆಗ ಎಲ್ಲರೂ ತಿರುಗ್ತಾರೆ. ಆದರೆ ಬೈಯಲ್ಲ, ಕಾಯ್ತಾರೆ. ಪೀರಿಯಡ್ಡಿನ ಕೊನೆಗೆ ಬೀಜ ಕಮ್ಮಿ ಬಂದರೆ ಯಾರೋ ಜೇಬಿಗೆ ಹಾಕಿಕೊಂಡಿದ್ದಾರೆ ಅಂತ ಅರ್ಥ, ತೋಟದ ಮಕ್ಕಳು, ಬೀಜ ಎಲ್ಲಿಂದಲೂ ತರ್ತಾರೆ ಅನ್ನೋದೂ ಇದೆ.

ಅಮ್ಮ, ನಿಮ್ಮ ಮಗಳಿಗೆ ಮನೆಯಲ್ಲಿ ಎಷ್ಟು ಭಾಷೆ?

ಸುಂಟಿಕೊಪ್ಪ ಅಮ್ಮ

ಟೀಚರ್, ಆ ಹುಡುಗನ ‘ಇಲ್ಲ’ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ನಮ್ಮನೆಯಲ್ಲಿ ಅರೆಭಾಷೆ. ಪಕ್ಕದ ತೋಟದವರ ಜೊತೆ ಕೊಡವ ತಕ್ಕ್ ಅರ್ಥ ಮಾಡ್ಕೊಳ್ತಾಳೆ, ಮಾತಾಡೋಕೆ ನಾಚಿಕೆ. ಸುಂಟಿಕೊಪ್ಪ ಅಂಗಡಿಯಲ್ಲಿ ಮಲಯಾಳಂ. ಶಾಲೆಯಲ್ಲಿ ಕನ್ನಡ, ಈಗ ಇಂಗ್ಲಿಷ್. ಎಣಿಸಿಯೇ ಇರಲಿಲ್ಲ, ಐದಾಯ್ತು.

ಇನ್ನೊಂದು ಸಮಸ್ಯೆ ಕೇಳೋದು ಮರೆತೆ. ಭಾನುವಾರದ ಆಡಿಯೊ. ನಮ್ಮಲ್ಲಿ ಮಳೆ ಜೋರಾದರೆ ಕರೆಂಟ್ ಹೋಗುತ್ತೆ, ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತೆ. ಕಳೆದ ವಾರ ಅವಳಪ್ಪ ಕೊಡೆ ಹಿಡ್ಕೊಂಡು ಅವಳನ್ನು ತೋಟದ ಮೇಲಿನ ಬಂಡೆ ಹತ್ರ ಕರ್ಕೊಂಡು ಹೋದರು, ಅಲ್ಲಿ ಎರಡು ಕಡ್ಡಿ ಸಿಗ್ನಲ್ ಬರುತ್ತೆ. ಕಳಿಸಿ ಬರೋಷ್ಟರಲ್ಲಿ ಇಬ್ಬರ ಕಾಲಿಗೂ ಜಿಗಣೆ. ಲೇಟಾದರೆ ಅರ್ಧ ಮಾರ್ಕು ಅಂತ ಶೀಟಲ್ಲಿದೆ.

ಮೈಸೂರು ಪ್ರೊಫೆ

ಅಯ್ಯೋ, ಒಂದು ನಿಮಿಷದ ಆಡಿಯೊಗೆ ಜಿಗಣೆ ಕಚ್ಚಿಸಿಕೊಳ್ಳೋದು ಬೇಡಪ್ಪ. ರೆಕಾರ್ಡ್ ಮಾಡೋಕೆ ನೆಟ್‌ವರ್ಕ್ ಬೇಕಿಲ್ಲ. ಫೋನಲ್ಲಿ ಭಾನುವಾರವೇ ಮಾಡಿಟ್ಟು ಸೋಮವಾರ ಪೇಟೆಗೆ ಬಂದಾಗ ಕಳಿಸಿದರೆ ಫೈಲಿನಲ್ಲಿ ತಾರೀಕು ಇರುತ್ತೆ. ಇದನ್ನೂ ಡೈರಿಯಲ್ಲಿ ಬರೆಯಿರಿ. ನಿಯಮ ಮಾಡಿದವರು ಸಿಟಿಯಿಂದ ಬಂದವರಿದ್ದರೆ ಅವರಿಗೆ ಇದು ಹೊಳೆದೇ ಇರಲ್ಲ.

ಐದು ಭಾಷೆಯ ಹುಡುಗಿಗೆ ಆರನೆಯದು ಭಾರ ಅಲ್ಲ. ಮುಂದೆ ಇಷ್ಟ ಇದ್ದರೆ ದೆಲೆ ಅಂತ ಒಂದು ಪರೀಕ್ಷೆ ಇದೆ. ಸ್ಪೇನ್ ಸರ್ಕಾರದ ಇನ್‌ಸ್ತಿತೂತೊ ಸೆರ್ವಾಂತೆಸ್ ನಡೆಸುತ್ತೆ, ದೆಹಲಿಯಲ್ಲಿ ಅವರ ಕೇಂದ್ರ ಇದೆ. ಶಾಲೆ ಮಕ್ಕಳಿಗೆ ಅಂತಲೇ ಬೇರೆ ಎ1, ಅಂದರೆ ಮೊದಲನೇ ಮೆಟ್ಟಿಲಿನ, ಪರೀಕ್ಷೆ ಇದೆ. ಈಗ ಅದರ ಯೋಚನೆ ಬೇಡ. ಈಗ ಬಾಗಿಲು ದಾಟಲಿ ಸಾಕು.

ಮೆಸ್ಸಿ ಬಗ್ಗೆ ಒಂದು ಎಚ್ಚರಿಕೆ. ಅರ್ಜೆಂಟೀನಾದವರು ‘ಯ’ ಅನ್ನೋ ಕಡೆ ‘ಶ’ ಅಂತಾರೆ. ಅವನ ಬಾಯಲ್ಲಿ ‘ಮೆ ಯಾಮೊ’ ಇರಲ್ಲ, ‘ಮೆ ಶಾಮೊ’ ಇರುತ್ತೆ. ನಿಮ್ಮ ‘ಯ್ವೇವೆ’ ಅಲ್ಲಿ ‘ಶ್ವೇವೆ’. ಅವಳು ಕ್ಲಾಸಲ್ಲಿ ಹಾಗೆ ಹೇಳಿ ನೋಡಲಿ, ಟೀಚರ್ ಮುಖ ಹೇಗಾಗುತ್ತೆ ಅಂತ.

ನೈಟ್‌ಶಿಫ್ಟ್ ಗೌಡ

ಮೆಕ್ಸಿಕೊದ್ದೂ ಒಂದು ತಗೊಳ್ಳಿ. ಕೇಳಿಸಲಿಲ್ಲ ಅಂದರೆ ನಾವು ‘ಹ್ಞಾಂ?’ ಅಂತೀವಲ್ಲ, ದೊಡ್ಡವರ ಹತ್ರ ಹಾಗಂದರೆ ಬೈಸ್ಕೋತೀವಿ, ‘ಏನಂದ್ರಿ?’ ಅನ್ನಬೇಕು. ಅಲ್ಲೂ ಹಾಗೇ, ‘ಕೆ?’ ಅಂದರೆ ಒರಟು, ‘ಮಾಂದೆ?’ ಅಂದರೆ ಮರ್ಯಾದೆ. ಕಾಲ್‌ನಲ್ಲಿ ನನ್ನ ಮಾನ ಕಾಪಾಡಿದ್ದು ಈ ಒಂದು ಪದ.

ಹಳೇ ಅಂಚೆಯಣ್ಣ

ಏಕವಚನ ಬಹುವಚನ ಅಲ್ಲೂ ಇದೆಯಾ?

ಮೈಸೂರು ಪ್ರೊಫೆ

ಇದೆ ಅಣ್ಣ. ‘ತೂ’ ಅಂದರೆ ನೀನು, ‘ಉಸ್ತೆದ್’ ಅಂದರೆ ನೀವು. ಸ್ಪೇನ್‌ನಲ್ಲಿ ಮಕ್ಕಳು ಟೀಚರಿಗೂ ‘ತೂ’ ಅನ್ನೋದು ಮಾಮೂಲು, ನಮ್ಮಲ್ಲಿ ಕೇಳಿದರೆ ಮೈ ಉರಿಯುತ್ತೆ. ಕೊಲಂಬಿಯಾದ ಬೊಗೊಟಾ ಕಡೆ ಉಲ್ಟಾ, ಸ್ನೇಹಿತರಿಗೂ ಮನೆಯವರಿಗೂ ‘ಉಸ್ತೆದ್’ ಅನ್ನೋರಿದ್ದಾರೆ. ನನ್ನ ಕ್ಲಾಸಲ್ಲಿ ನನಗೆ ‘ಉಸ್ತೆದ್’. ನಾನು ಮೈಸೂರಿನವಳು.

ಸುಂಟಿಕೊಪ್ಪ ಅಮ್ಮ

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ತೀನಿ. ನಡುವೆ ಮಳೆ ರಜೆಯೇ ಐದು ದಿನ ಹೋಯ್ತು, ಹಾಗಾಗಿ ದೊಡ್ಡದೇನೂ ಇಲ್ಲ.

ಡೈರಿಯಲ್ಲಿ ಬರೆದು ಕಳಿಸಿದೆ. ಹೆಸರು, ಆಡಿಯೊ, 15 ಮಾರ್ಕು, ಮೂರೂ. ಹೆಸರಿಗೆ ಮಾರನೇ ದಿನವೇ ಸರಿ ಅಂದರು, ಈಗ ಅವಳ ಹೆಸರಲ್ಲೇ ಕರೀತಾರೆ. ಆಡಿಯೊ ಸೋಮವಾರ ಸಂಜೆ ತನಕ ಕಳಿಸಬಹುದು ಅಂತ ಎಲ್ಲರಿಗೂ ಬದಲಾಯಿಸಿದರು. ಬಸ್ಸಿನಲ್ಲಿ ಬರೋ ಇನ್ನೂ ನಾಲ್ಕು ಮಕ್ಕಳಿಗೆ ಇದೇ ಕಷ್ಟ ಇತ್ತಂತೆ, ಯಾರೂ ಹೇಳಿರಲಿಲ್ಲ. 15 ಮಾರ್ಕಿನ ಬಗ್ಗೆ ಮಾತ್ರ ‘ನೋಡೋಣ’ ಅಂದಿದ್ದಾರೆ. ಆ ‘ನೋಡೋಣ’ದ ಅರ್ಥ ಎಲ್ಲ ಭಾಷೆಯಲ್ಲೂ ಒಂದೇ ಇರಬೇಕು.

ರಾತ್ರಿ ಹತ್ತು ನಿಮಿಷ ನಡೀತಿದೆ. ನಾನು ಅಕ್ಕಿರೊಟ್ಟಿ ತಟ್ಟೋವಾಗ ಅವಳು ಕಟ್ಟೆ ಮೇಲೆ ಕೂತು ಕೇಳ್ತಾಳೆ. ನಾನು ಮೊದಮೊದಲು ಬೇಕಂತ ತಪ್ಪು ಹೇಳ್ತಿದ್ದೆ, ಈಗ ನಿಜವಾಗ್ಲೂ ತಪ್ಪಾಗುತ್ತೆ, ಅವಳು ಟೀಚರ್ ಥರ ನಿಟ್ಟುಸಿರು ಬಿಟ್ಟು ‘ಓತ್ರಾ ವೆಸ್, ಅಮ್ಮ’ ಅಂತಾಳೆ. ಅತ್ತೆ ಒಂದು ದಿನ ‘ಎಂತ ಕೂಸೇ ಅದ್?’ ಅಂತ ಕೇಳಿದರು. ಇನ್ನೊಂದು ಸಲ ಅಂತ ಅರ್ಥ ಅಂದಳು. ಈಗ ಅತ್ತೆಗೆ ಎರಡನೇ ಲೋಟ ಕಾಫಿ ಬೇಕಾದಾಗ ಲೋಟ ಮುಂದೆ ಇಟ್ಟು ‘ಓತ್ರಾ ವೆಸ್’ ಅಂತಾರೆ.

ಬಾಗಿಲಲ್ಲಿ ಮತ್ತೆ ಒಂದು ಸಲ ತಡೆದಳಂತೆ. ‘ನೊ ಎಂತ್ಯೆಂದೊ’ ಅಂದಳು, ಟೀಚರ್ ನಿಧಾನ ಕೇಳಿದರು, ಹೇಳಿದಳು, ಒಳಗೆ ಹೋದಳು. ಅದನ್ನು ನನಗೆ ಹೇಳಿದ್ದೂ ಎರಡು ದಿನ ಬಿಟ್ಟು, ಬೇರೆ ಯಾವುದೋ ಮಾತಿನ ಮಧ್ಯೆ.

ಕಳೆದ ಭಾನುವಾರದ ಆಡಿಯೊ ‘ನನ್ನ ಮನೆ’ ಅಂತ ಇತ್ತು. ಅಡುಗೆಮನೆಯಲ್ಲಿ ಕೂತು ರೆಕಾರ್ಡ್ ಮಾಡಿದಳು. ಮೇಲೆ ಮಾಡಿನ ಶೀಟು, ಮಳೆ ಬೇರೆ, ಕೇಳಿದರೆ ಅವಳ ದನಿಗಿಂತ ಶೀಟಿನ ಸದ್ದೇ ಜಾಸ್ತಿ. ನಾಲ್ಕು ಸಲ ಮಾಡಿದಳು, ನಾಲ್ಕೂ ಹಾಗೇ. ಇರಲಿ ಕಳಿಸು ಅಂದೆ. ಸೋಮವಾರ ಸಂಜೆ ಟೀಚರ್ ಕಡೆಯಿಂದ ಒಂದು ಸಣ್ಣ ಆಡಿಯೊ ಬಂತು. ಮಾರ್ಕಿಲ್ಲ, ಏನಿಲ್ಲ, ಒಂದೇ ಪ್ರಶ್ನೆ. ‘ಯ್ವೇವೆ ಮೂಚೊ ಎನ್ ತು ಕಾಸಾ?’ ನಿಮ್ಮನೆಯಲ್ಲಿ ತುಂಬಾ ಮಳೆನಾ ಅಂತ.

ಇವಳು ಫೋನ್ ತಗೊಂಡು ಜಗಲಿಗೆ ಹೋದಳು. ಏನೂ ಮಾತಾಡಲಿಲ್ಲ, ಫೋನನ್ನು ಮಳೆ ಕಡೆ ಹತ್ತು ಸೆಕೆಂಡ್ ಹಿಡಿದು, ಕೊನೆಯಲ್ಲಿ ‘ಸೀ, ಪ್ರೊಫೆ’, ಹೌದು ಮಿಸ್, ಅಂತ ಹೇಳಿ ಕಳಿಸಿದಳು. ಮಂಗಳವಾರ ಮತ್ತೆ ರಜೆ ಇತ್ತು.